ಅರ್ಧ ಇಳಿಸಿದ ಶಟರೂ ಹಯವದನರ ಕಪ್ಪು ಕನ್ನಡಕವೂ

ರಕ್ತ ಬರಲಿಲ್ಲ ಅಂದಮೇಲೆ ಅದು ಪೆಟ್ಟೇ ಅಲ್ಲ. ನಮ್ಮ ಹೋಟೆಲಿನವರ ವೈದ್ಯಶಾಸ್ತ್ರ ಇಷ್ಟೇ ನೋಡಿ! ಅಹಮದಾಬಾದಿನ ಮಣಿನಗರದಲ್ಲಿ ಉಡುಪಿ ಹೋಟೆಲು ನಡೆಸುವ ಹಯವದನರೂ ಅದನ್ನೇ ನಂಬಿದ್ದರು. ಮಧ್ಯಾಹ್ನ ಮೂರಕ್ಕೆ ಶಟರ್ ಅರ್ಧ ಇಳಿಸಿ ವಿಶ್ರಾಂತಿ ತೆಗೆದುಕೊಳ್ಳುವುದು ಅವರ ರೂಢಿ. ಒಂದು ದಿನ ಹಿಟ್ಟಿನ ಪಾತ್ರೆ ಹಿಡಿದು ಬಗ್ಗಿ ಹೊರಗೆ ಬರುತ್ತಿದ್ದವರು ಒಂದು ಹೆಜ್ಜೆ ಮೊದಲೇ ತಲೆ ಎತ್ತಿದರು. ಶಟರಿನ ಅಂಚು ನೆತ್ತಿಗೆ ಠಣ್!

"ಎಂತದೂ ಆಗ್ಲಿಲ್ಲ ಮಾರಾಯ್ತಿ" ಎಂದು ಹೆಂಡತಿ ಸಾವಿತ್ರಿಯನ್ನು ಗದರಿ, ಸಂಜೆ ಐದಕ್ಕೇ ಕಾವಲಿಯ ಮುಂದೆ ನಿಂತರು.

ವಾರದೊಳಗೆ ಟ್ಯೂಬ್‌ಲೈಟು ಕಣ್ಣಿಗೆ ಸೂಜಿಯಂತೆ ಚುಚ್ಚತೊಡಗಿತು. ಸ್ಟೀಲ್ ಲೋಟದ ಹೊಳಪಿಗೂ ತಲೆ ಸಿಡಿಯುತ್ತಿತ್ತು. ಹಿಂದಿನ ಕೋಣೆಯ ಕಿಟಕಿಗೆ ಅಕ್ಕಿ ಚೀಲ ಕಟ್ಟಿ, ಕಪ್ಪು ಕನ್ನಡಕ ಏರಿಸಿ ಕೂತವರು ನಾಲ್ಕು ತಿಂಗಳಾದರೂ ಏಳಲಿಲ್ಲ. ಸ್ಕ್ಯಾನ್ ಮಾಡಿಸಿದರು, ಸರಿಯಿತ್ತು. ಕಣ್ಣು ತೋರಿಸಿದರು, ಅದೂ ಸರಿಯಿತ್ತು.

"ರಿಪೋರ್ಟೆಲ್ಲ ಸರಿ ಉಂಟಂತೆ. ಹಾಗಾದ್ರೆ ನಾನು ನಾಟಕ ಮಾಡುದಾ ಸಾವಿತ್ರಿ? ಸಾಕು, ಹೋಟೆಲು ಯಾರಿಗಾದ್ರೂ ಕೊಟ್ಟುಬಿಡುವ."

ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ನಿಂತ ಮನುಷ್ಯ ಹೀಗೆ ಕತ್ತಲಲ್ಲೇ ಮುದುಡಿ ಹೋಗುತ್ತಾರೇನೋ ಎಂದು ಸಾವಿತ್ರಿಗೆ ಹೆದರಿಕೆಯಾಯಿತು. ನಾದಿನಿಯ ಮಗಳು ಮನಸ್ವಿನಿಗೆ ಫೋನ್ ಮಾಡಿದಳು. ಅಹಮದಾಬಾದಿನಲ್ಲೇ ಬೆಳೆದ ಹುಡುಗಿ, ನರರೋಗ ತಜ್ಞರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಮರುದಿನವೇ ಬಂದು ಮಾವನ ಪಕ್ಕ ಕೂತಳು. ಅವಳ ಕನ್ನಡದಲ್ಲಿ ಅರ್ಧ ಇಂಗ್ಲಿಷೇ!

"ನಾಟಕ ಅಲ್ಲ ಮಾವ. ನಿಮ್ಮ ಕಣ್ಣು ಓಕೆ. ಬೆಳಕನ್ನು ಹದ ಮಾಡುವುದು ಬ್ರೈನ್. ಪೆಟ್ಟಾದ ಮೇಲೆ ಅದಕ್ಕೆ ಹದ ತಪ್ಪಿದೆ. ಗ್ಯಾಸ್ ಒಲೆಯ ನಾಬ್ ಫುಲ್‌ನಲ್ಲೇ ಸ್ಟಕ್ ಆದ ಹಾಗೆ. ಕತ್ತಲಲ್ಲೇ ಕೂತ್ರೆ ಇನ್ನೂ ಜಾಸ್ತಿ ಆಗ್ತದೆ. ನಮ್ಮಲ್ಲಿ ನ್ಯೂರೋಫೀಡ್‌ಬ್ಯಾಕ್ ಅಂತ ಒಂದು ಟ್ರೈನಿಂಗ್ ಉಂಟು."

"ತಲೆಗೆ ಕರೆಂಟ್ ಕೊಡುದಾ? ಬೇಡಪ್ಪ!"

"ಕರೆಂಟ್ ಇಲ್ಲವೇ ಇಲ್ಲ. ಸ್ಟೆತಸ್ಕೋಪ್ ಎದೆಯ ಸದ್ದು ಕೇಳ್ತದಲ್ಲ, ಹಾಗೆ ಇದು ಬ್ರೈನ್ ಹೇಳುದನ್ನು ಕೇಳ್ತದೆ, ನಿಮಗೇ ತೋರಿಸ್ತದೆ. ಆದ್ರೆ ಎಲ್ಲರಿಗೂ ಗುಣ ಆಗ್ತದೆ ಅಂತ ಪ್ರಾಮಿಸ್ ಮಾಡುದಿಲ್ಲ ಮಾವ. ರಿಸರ್ಚ್ ಇನ್ನೂ ನಡೀತಾ ಉಂಟು."

ಆ ಕೊನೆಯ ಮಾತಿಗೇ ಹಯವದನರು ಒಪ್ಪಿದರು. ಗ್ಯಾರಂಟಿ ಕೊಡುವವರನ್ನು ಅವರು ಎಂದೂ ನಂಬಿದವರಲ್ಲ.

ಡಾಕ್ಟರು ಪರೀಕ್ಷಿಸಿ ಆಗಬಹುದು ಎಂದ ಮೇಲೆ ತಲೆಗೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ಮಬ್ಬು ಬೆಳಕಿನ ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿದರು. ಪರದೆಯಲ್ಲೊಂದು ದೋಣಿ. ಮಿದುಳು ಶಾಂತವಾದರೆ ಅದು ಸಾಗುತ್ತದೆಯಂತೆ. ಹಯವದನರು ಹಲ್ಲು ಕಚ್ಚಿ ದಿಟ್ಟಿಸಿದರು. ದೋಣಿ ಅಲ್ಲೇ ಠಿಕಾಣಿ!

"ಒತ್ತಾಯ ಬೇಡ ಮಾವ. ಕಾವಲಿ ಹದಕ್ಕೆ ಬರುವ ತನಕ ಎಂತ ಮಾಡ್ತೀರಿ?"

"ಎಂತ ಮಾಡುದು? ನೀರು ಚಿಮುಕಿಸಿ, ಚೊಂಯ್ ಅನ್ನುದು ನಿಲ್ಲುವ ತನಕ ಸುಮ್ಮನೆ ಕಾಯುದು."

"ಈಗಲೂ ಹಾಗೇ ಕಾಯಿರಿ."

ಹಯವದನರ ಹೆಗಲು ಮೆಲ್ಲಗೆ ಇಳಿಯಿತು. ದೋಣಿ ಅಲುಗಿತು. ಆಮೇಲೆ ನೀರು ಸೀಳುತ್ತ ಹೊರಟೇಬಿಟ್ಟಿತು!

"ಅಯ್ಯೋ ದೇವರೇ! ಯಾರು ನಡೆಸಿದ್ದು?" ಸಾವಿತ್ರಿ ಎದ್ದು ನಿಂತಳು.

"ಮಾವನೇ ಅತ್ತೆ. ಕೈ ಮುಟ್ಟದೆ."

ಸಾವಿತ್ರಿಗೆ ಮೈ ಜುಮ್ಮೆಂದಿತು. ಮೂವತ್ತು ವರ್ಷ ತಾನು ಎಣ್ಣೆ ಹಚ್ಚಿದ ತಲೆಯೊಳಗೆ ಇಂಥದ್ದೊಂದು ಶಕ್ತಿ ಕೂತಿತ್ತೇ ಎಂದು ಬೆರಗಾಗಿ ಗಂಡನನ್ನೇ ನೋಡಿದಳು.

ವಾರಕ್ಕೆರಡು ಸಲದಂತೆ ಮೂರು ತಿಂಗಳು ಹೋದರು. ಕೆಲವು ದಿನ ನೋವು ಮತ್ತೆ ತಿರುಗಿ ಬಂತು. ಡಾಕ್ಟರು ಹೇಳಿದಂತೆ ಮನೆಯೊಳಗೆ ಕನ್ನಡಕ ದಿನಕ್ಕಿಷ್ಟು ಹೊತ್ತು ತೆಗೆದರು. ಒಂದು ಬೆಳಿಗ್ಗೆ ಸಾವಿತ್ರಿ ಎದ್ದು ನೋಡುತ್ತಾಳೆ, ಕಿಟಕಿಯಲ್ಲಿ ಅಕ್ಕಿ ಚೀಲವಿಲ್ಲ! ಕೋಣೆಯ ತುಂಬ ಬಿಸಿಲು. ಅಡುಗೆಮನೆಯಲ್ಲಿ ಚೊಂಯ್ ಎಂಬ ಸದ್ದು.

"ಸಾವಿತ್ರೀ, ಬೇಗ ಬಾ! ಮೊದಲ ದೋಸೆ ನಿಂಗೆ."

ಅವಳು ಅಳುತ್ತಲೇ ತಿಂದಳು. ಚಟ್ನಿ ಬೇಕೆಂದೂ ಕೇಳಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ತಲೆಗೆ ಪೆಟ್ಟಾದರೆ ರಕ್ತ ಬರಲಿಲ್ಲವೆಂದು ಸುಮ್ಮನಿರಬೇಡಿ, ತೋರಿಸಿ. ವಾಂತಿ, ಮಂಪರು, ಮಾತಿನ ತೊದಲು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ವಾರಗಟ್ಟಲೆ ಬೆಳಕು ಚುಚ್ಚುತ್ತಿದ್ದರೆ ಅದು ನಾಟಕವಲ್ಲ. ನರರೋಗ ತಜ್ಞರನ್ನು ಕಂಡು, ನ್ಯೂರೋಫೀಡ್‌ಬ್ಯಾಕ್ ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ಮತ್ತೆ, ಶಟರ್ ಅರ್ಧ ಇಳಿಸುವ ಅಭ್ಯಾಸ ಇದ್ದರೆ ಅದರ ಅಂಚಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಹಯವದನರ ಹೋಟೆಲಿನಲ್ಲಿ ಈಗ ಅದು ನೇತಾಡುತ್ತಿದೆ. ಕಟ್ಟಿದ್ದು ಯಾರು ಅಂತೀರಿ? ಅವರೇ, ಹಾಡಹಗಲಲ್ಲಿ, ಬರಿಗಣ್ಣಲ್ಲಿ.