ಹೆಸರು ಹಾಕದ ದಬರಿ

"ಅವ್ವಾ, ಕುಂಕುಮದ ಬಟ್ಟಲು ಯಾಕೆ?"

ರುದ್ರಮ್ಮ ಆಗಲೇ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ್ದಳು. ಜಗಲಿಯ ಮೇಲೆ ಕರಪತ್ರಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದ ಮಗಳು ಬಿಂದುಶ್ರೀಯ ಕಡೆ ತಿರುಗಿ, "ಕಾಗ್ದ ಅಂಚುದ್ರೆ ಯಾರು ಬತ್ತರಮ್ಮಿ? ಮನೆಮನೆಗೋಗಿ ಕುಂಕುಮ ಕೊಟ್ಟು ಕರೀಬೇಕು. ಏಳು. ಕರಿಯಕ್ಕೆ ಒಬ್ಬಳೇ ಓಗಬಾರ್ದು, ಇಬ್ರು ಎಂಗಸ್ರು ಬೇಕು," ಅಂದಳು.

ಬಿಂದುಶ್ರೀ ಅವ್ವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ತಲೆಗೆ ಒಂದು ತುಂಡು ಕಾಕಡ ಮುಡಿದು ಬಂದಳು.

ಹೆಮ್ಮಿಗೆಯ ಆ ಬೀದಿಯಲ್ಲಿ ಗಂಡುಹುಡುಗನೆಂದು ಬೆಳೆದು, ಮೈಸೂರಿಗೆ ಹೋಗಿ, ಹೆಣ್ಣಾಗಿ ಮರಳಿ ಬಂದವಳು ಅವಳು. ಬಂದ ಮೇಲೆ ಯಾರೂ ಜಗಳವಾಡಲಿಲ್ಲ, ಬೈಯಲೂ ಇಲ್ಲ. ರುದ್ರಮ್ಮನ ಹಣೆಗೆ ಕುಂಕುಮ ಇಟ್ಟು ಮದುವೆಗೆ ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಅದಕ್ಕೆ ಮುಂಚೆ ಆ ಬೀದಿಯ ಒಂದು ಮದುವೆಯನ್ನೂ ರುದ್ರಮ್ಮ ತಪ್ಪಿಸಿದವಳಲ್ಲ. ಅಲ್ಲಿ ಮುಯ್ಯಿ ಎಂದರೆ ಪಾತ್ರೆಯೇ. ಮದುವಣಗಿತ್ತಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಹೊಡೆಸಿ ಕೊಡಬೇಕು; ಕೊಟ್ಟವರ ಮನೆಯ ಮದುವೆಗೆ ಅದನ್ನು ತೀರಿಸಬೇಕು. ಗಂಡ ಗಂಗಾಧರಸ್ವಾಮಿ ಮೊಳೆ, ಸುತ್ತಿಗೆ ಹಿಡಿದು ಕೂತು ಎಷ್ಟೋ ಹೆಣ್ಣುಮಕ್ಕಳ ಹೆಸರನ್ನು ತಾನೇ ಹೊಡೆದು ಕೊಟ್ಟಿದ್ದ. ಆದರೆ ಸ್ವಂತ ಮಗಳ ಹೆಸರು ಅವನ ಬಾಯಿಗೆ ಬಂದಿರಲಿಲ್ಲ. ಹಳೆಯ ಹೆಸರನ್ನು ಬಿಟ್ಟಿದ್ದ, ಹೊಸದನ್ನು ಹಿಡಿದಿರಲಿಲ್ಲ. "ನೋಡಿಲ್ಲಿ," "ಉಣ್ಣು ಬಾ" ಎಂಬುದರಲ್ಲೇ ದಿನ ಕಳೆಯುತ್ತಿದ್ದ.

ಅಂಥವನು, ಮಗಳು ಕೇಳಿದ ಕೂಡಲೇ, ಕೊಟ್ಟಿಗೆ ಬಿಟ್ಟುಕೊಟ್ಟಿದ್ದು ರುದ್ರಮ್ಮನಿಗೇ ಆಶ್ಚರ್ಯ. ಬಿಂದುಶ್ರೀ ಮತ್ತು ಅವಳ ಗೆಳೆಯರದು 'ಹೊಳೆಸಾಲು' ಎಂಬ ಬಳಗ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಸಿದ್ಧಾರ್ಥ, ಬಿಳಿಗೆರೆಯಲ್ಲಿ ಒಂದೇ ಮನೆ ಮಾಡಿಕೊಂಡಿರುವ ರಂಜಿನಿ ಮತ್ತು ನಯನ, ಬಿಂದುವಿನಂಥವರು, ಗಂಡನ್ನೇ ಮೆಚ್ಚಿದ ಗಂಡಸರು, ಹೀಗೆ ಅಕ್ಕಪಕ್ಕದ ಎರಡು ತಾಲ್ಲೂಕಿನವರು. ಮೊದಮೊದಲು ಕಪಿಲೆಯ ದಡದಲ್ಲಿ ಕೂತು ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಒಬ್ಬರ ಜ್ವರಕ್ಕೆ ಇನ್ನೊಬ್ಬರು ಆಸ್ಪತ್ರೆಗೆ ಓಡುತ್ತಿದ್ದರು. ಈಗ ಊರಿಗೂ ಏನಾದರೂ ಮಾಡೋಣವೆಂದು ಹೊರಟಿದ್ದರು. ಮದುವೆಯಿರಲಿ, ತಿಥಿಯಿರಲಿ, ಇಲ್ಲದವರಿಗೆ ಅಡುಗೆಯ ಪಾತ್ರೆಗಳನ್ನು ಬಾಡಿಗೆಯಿಲ್ಲದೆ ಕೊಡುವುದು. ತೊಳೆದು ತಂದಿಟ್ಟರೆ ಸಾಕು. ಸುಣ್ಣ ಬಳಿದ ಆ ಕೊಟ್ಟಿಗೆಯೇ ಪಾತ್ರೆಮನೆ. ಆದರೆ ಒಳಗಿದ್ದದ್ದು ಎರಡು ಕೊಪ್ಪರಿಗೆ, ಒಂದಿಷ್ಟು ಸೌಟು. ಪಾತ್ರೆ ಹೇಗೋ ಕೂಡಿಸಬಹುದಿತ್ತು. ಊರವರು ಬಂದು ಮುಟ್ಟುತ್ತಾರೋ ಇಲ್ಲವೋ ಎಂಬುದೇ ರುದ್ರಮ್ಮನ ಎದೆಯಲ್ಲಿ ಕುಟ್ಟುತ್ತಿತ್ತು.

ಮೊದಲು ಹೋದದ್ದು ರಾಚಮ್ಮನ ಮನೆಗೆ. ಆ ಬೀದಿಯಲ್ಲಿ ರಾಚಮ್ಮ ಎದ್ದರೆ ಎಲ್ಲರೂ ಏಳುತ್ತಾರೆ, ಕೂತರೆ ಕೂರುತ್ತಾರೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬಟ್ಟಲನ್ನು ನೋಡಿದಳು, ಬಿಂದುಶ್ರೀಯನ್ನು ನೋಡಿದಳು. ಮೊರ ಕೆಳಗಿಟ್ಟು ಸೆರಗಿನಿಂದ ಹಣೆಯ ಬೆವರೊರೆಸಿಕೊಂಡಳು.

"ನೀನೇ ಇಡಮ್ಮಿ," ಎಂದು ಬಿಂದುವಿನ ಕಡೆಗೆ ಮುಖ ಚಾಚಿದಳು.

ಬಿಂದುಶ್ರೀ ಕುಂಕುಮ ಇಟ್ಟಳು. ಅದನ್ನೇ ನೋಡುತ್ತ ನಿಂತ ರುದ್ರಮ್ಮನಿಗೆ ಪಾತ್ರೆಮನೆಯ ವಿಷಯ ಬಿಡಿಸಿ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು. "ಭಾನುವಾರ ನಮ್ಮನೇಲಿ ಊಟ. ಮನೆಮಂದಿಯೆಲ್ಲ ಬನ್ನಿ," ಎಂಬ ವಾಡಿಕೆಯ ಮಾತಷ್ಟೇ ಹೊರಬಂತು. ಮಿಕ್ಕ ಮನೆಗಳಲ್ಲೂ ಅಷ್ಟೇ. ಕುಂಕುಮ ಕೊಟ್ಟು ಕರೆದವರನ್ನು ಏನು ವಿಶೇಷವೆಂದು ಯಾರೂ ಕೇಳುವುದಿಲ್ಲ.

ಶನಿವಾರವೇ ಬಳಗದವರು ಬಂದಿಳಿದು ಅವರೆಕಾಯಿ ಸುಲಿಯಲು ಕೂತರು. ಹಿದುಕಿದ ಕಾಳು ಮುಖಕ್ಕೆ ಸಿಡಿದಾಗಲೆಲ್ಲ ಕೂಗಾಟ, ನಗು. ರಂಜಿನಿ ರವಿಕೆ ಬಟ್ಟೆಯ ತುಂಡುಗಳನ್ನು ಹೊಲಿದು ತಂದಿದ್ದ ಬಣ್ಣಬಣ್ಣದ ತೋರಣವನ್ನು ನುಗ್ಗೆಮರದಿಂದ ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದರು. ಮನೆ ಇಷ್ಟು ಗಲಗಲ ಎಂದು ಎಷ್ಟು ಕಾಲವಾಗಿತ್ತೋ!

ಭಾನುವಾರ ಸಾರು ಕುದ್ದಿತು, ಪಾಯಸ ಆರಿತು, ಚಾಪೆ ಹಾಸಿದ್ದಾಯಿತು. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ.

"ಬರಲ್ಲ ಅನ್ಸುತ್ತೆ ಅವ್ವ," ಅಂದಳು ಬಿಂದುಶ್ರೀ.

"ಕುಂಕುಮ ಇಡಿಸ್ಕೊಂಡವ್ರೆ. ಬತ್ತರೆ ಸುಮ್ಕಿರು," ಅಂದ ರುದ್ರಮ್ಮ ಪಾಯಸವನ್ನು ಸುಮ್ಮಸುಮ್ಮನೆ ಇನ್ನೊಮ್ಮೆ ತಿರುವಿದಳು.

ಆಗ ಬೀದಿಯ ತಿರುವಿನಲ್ಲಿ ಠಣ್ ಎಂದು ಪಾತ್ರೆಗೆ ಪಾತ್ರೆ ತಾಗಿದ ಸದ್ದಾಯಿತು. ಮುಂದೆ ರಾಚಮ್ಮ, ಸೊಂಟದ ಮೇಲೆ ದೊಡ್ಡ ದಬರಿ. ಹಿಂದೆ ಒಬ್ಬಳ ತಲೆಯ ಮೇಲೆ ಪರಾತ, ಇನ್ನೊಬ್ಬಳ ಕಂಕುಳಲ್ಲಿ ಕೊಳಗ; ತಟ್ಟೆಗಳ ಕಟ್ಟು, ಬಕೆಟ್ಟು, ಜಾಲರಿ ಹಿಡಿದವರ ಸಾಲು. ಎಲ್ಲರೂ ಮದುವೆಗೆ ಉಡುವ ಸೀರೆಯಲ್ಲಿದ್ದರು.

ರಾಚಮ್ಮ ದಬರಿ ಇಳಿಸಿ ಉಸಿರು ಬಿಟ್ಟಳು. "ಎಲ್ಲಿ ಗಂಡು?" ಎಂದು ಸುತ್ತ ನೋಡಿ, ಬಿಳಿ ಅಂಗಿಯಲ್ಲಿ ಬಡಿಸಲು ನಿಂತಿದ್ದ ಸಿದ್ಧಾರ್ಥನ ಮೇಲೆ ಕಣ್ಣು ನೆಟ್ಟಳು. "ಇಂವ್ನಾ? ಪರ್ವಾಗಿಲ್ಲ, ಲಕ್ಷಣವಾಗವ್ನೆ."

"ಅಯ್ಯೋ, ನಾನಲ್ಲ ಕಣಮ್ಮ!" ಸಿದ್ಧಾರ್ಥ ಸೌಟು ಹಿಡಿದೇ ಕೈಮುಗಿದ. "ನನಗೇ ಒಬ್ಬ ಗಂಡು ಹುಡುಕ್ಕೊಡಿ, ಪುಣ್ಯ ಬರುತ್ತೆ."

ರಾಚಮ್ಮ ಅವನನ್ನು ಮೇಲಿಂದ ಕೆಳಕ್ಕೆ ಅಳೆದಳು.

"ನಮ್ಮೂರ್ನವು ಬ್ಯಾಡ ಕಣ್ಲಾ ಮಗ. ಸಂಜೆಯಾದ್ರೆ ಕುಡ್ದು ಬಿದ್ದಿರ್ತವೆ. ಬೇರೆ ಕಡೆ ನೋಡ್ಕೊ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ನಗು ಅಂಗಳವನ್ನೆಲ್ಲ ಹಿಡಿಯಿತು. ರುದ್ರಮ್ಮನೊಬ್ಬಳು ನಗಲಿಲ್ಲ. ತನ್ನಿಂದಾದ ಎಡವಟ್ಟು ಅವಳಿಗೆ ಈಗ ಹೊಳೆದಿತ್ತು.

"ರಾಚಕ್ಕ, ಇದು ಮದ್ವೆ ಅಲ್ಲ," ಎಂದು ಹತ್ತಿರ ಹೋದಳು. ಬಳಗದ ವಿಷಯ, ಪಾತ್ರೆಮನೆಯ ವಿಷಯ ತಡವರಿಸುತ್ತ ಹೇಳಿದಳು. "ಅವತ್ತೇ ಬಿಡಿಸಿ ಏಳಬೇಕಿತ್ತು, ಬಾಯಿ ಬರ್ನಿಲ್ಲ. ಮುಯ್ಯಿ ಅಂತ ತಂದಿದ್ರೆ ವಾಪಸ್ ತಕ್ಕೊಂಡೋಗಿ. ಊಟ ಮಾತ್ರ ಮಾಡ್ಕೊಂಡೋಗಿ."

ನಗು ನಿಂತಿತು. ಬಿಂದುಶ್ರೀ ತೋರಣದ ತುದಿಯನ್ನು ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿದಳು.

"ವಾಪಸ್ ಒತ್ಕೊಂಡೋಗದಾ?" ರಾಚಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಇಲ್ಲಿಗಂಟ ತರದ್ರಲ್ಲೇ ನನ್ನ ಬೆನ್ನು ಬಿದ್ದೋಯ್ತು. ನನ್ನ ಮಗಳ ಮದ್ವೇಲಿ ನೀನು ಕೊಟ್ಟ ದಬರೀಲಿ ಅವಳು ಇವತ್ಗೂ ಅನ್ನ ಮಾಡ್ತಾವ್ಳೆ. ತೀರ್ಸಕ್ಕೆ ನೀನೆಲ್ಲಿ ಕರ್ದೆ? ನಾವೂ ಕರೀನಿಲ್ಲ ಬುಡು, ಅದು ನಮ್ಮ ತಪ್ಪು. ಈಗ ಕರ್ದಿದ್ದೀಯ, ತಂದಿವ್ನಿ. ಅದ್ರಲ್ಲಿ ಯಾರು ಏನಾರ ಬೇಯಿಸ್ಕೊಳ್ಳಿ. ಎಲೆ ಆಕ್ತೀರೋ, ನಾನೇ ಆಕ್ಕೊಳ್ಳನಾ?"

ಆಮೇಲೆ ಎಲೆ ಹಾಕುವವರು ಯಾರು, ನೀರು ಬಿಡುವವರು ಯಾರು ಎಂಬುದೇ ತಿಳಿಯಲಿಲ್ಲ. ನಯನ ಬಡಿಸಿದ ಪಾಯಸ ಸಾಲದೆಂದು ಒಬ್ಬಳು ಅವಳ ಸೆರಗನ್ನೇ ಹಿಡಿದೆಳೆದಳು. ಹಿದುಕಿದ ಅವರೆಯ ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿಯಾಯಿತೆಂದು ರಾಚಮ್ಮ ಮೂರು ಸಲ ಬಡಿಸಿಕೊಂಡು ಹೇಳಿದಳು.

ಊಟವಾದ ಮೇಲೆ ಮುಯ್ಯಿಯ ಪಾತ್ರೆಗಳನ್ನು ಕೊಟ್ಟಿಗೆಯೊಳಗೆ ಜೋಡಿಸಿದರು. ಬಿಂದುಶ್ರೀ ರಾಚಮ್ಮನ ದಬರಿಯನ್ನು ತಿರುಗಿಸಿ ನೋಡಿದಳು. ಅಂಚು ನುಣ್ಣಗಿತ್ತು, ಹೆಸರಿನ ಒಂದು ಚುಕ್ಕಿಯೂ ಇರಲಿಲ್ಲ.

"ಎಸ್ರು ಆಕ್ಸಿಲ್ಲ ಕಣಮ್ಮಿ," ಅಂದಳು ರಾಚಮ್ಮ ಎಲೆಯಡಿಕೆ ಮಡಿಸುತ್ತ. "ಅಂಗಡಿಯವ ಯಾವ ಎಸ್ರು ಅಂದ. ನಿಮ್ಮಪ್ಪನ್ನ ಕೇಳ್ಬೇಕು ಅಂದೆ."

ಕಂಬಕ್ಕೊರಗಿ ಕೂತಿದ್ದ ಗಂಗಾಧರಸ್ವಾಮಿ ಎದ್ದು ಒಳಗೆ ಹೋದ. ರುದ್ರಮ್ಮ ಅವನ ಹಿಂದೆ ಹೋಗಲು ಎದ್ದವಳು, ತೊಳೆಯುವ ರಾಶಿ ನೋಡಿ ಬಚ್ಚಲ ಕಡೆ ನಡೆದಳು. ಬೂದಿ, ತೆಂಗಿನ ನಾರು ಹಿಡಿದು ಎಲ್ಲರೂ ಸುತ್ತ ಕೂತರು. ಸಿದ್ಧಾರ್ಥ ಕೊಪ್ಪರಿಗೆ ಉಜ್ಜುವ ಚಂದಕ್ಕೆ ರಾಚಮ್ಮ ಬೈಯತೊಡಗಿದಳು.

ಆ ಗದ್ದಲದ ನಡುವೆ ಟಿಕ್ ಟಿಕ್ ಎಂಬ ಸದ್ದು ಕೇಳಿ ರುದ್ರಮ್ಮ ತಲೆಯೆತ್ತಿದಳು. ಗಂಗಾಧರಸ್ವಾಮಿ ಜಗಲಿಯ ಮೇಲೆ, ಇಳಿಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ತೊಡೆಯ ಮೇಲೆ ರಾಚಮ್ಮನ ದಬರಿ, ಕೈಯಲ್ಲಿ ಮೊಳೆ, ಸುತ್ತಿಗೆ. ಬಿಂದುಶ್ರೀ ನೆನೆದ ಕೈಗಳನ್ನು ಹಾಗೇ ಬಿಟ್ಟುಕೊಂಡು ಅವನ ಪಕ್ಕದಲ್ಲಿ ನಿಂತಿದ್ದಳು. ಅವನು ಮೊದಲ ಅಕ್ಷರ 'ಬಿ' ಮುಗಿಸಿ, ಪಕ್ಕದಲ್ಲಿ ದುಂಡಗೆ ಸೊನ್ನೆ ಸುತ್ತಿ, ಉಫ್ ಎಂದು ಊದಿದ. ಬೆರಳಿನಿಂದ ಒಮ್ಮೆ ಸವರಿ ನೋಡಿ, ಮೊಳೆಯನ್ನು ಮುಂದಿನ ಅಕ್ಷರದ ಜಾಗಕ್ಕೆ ಊರಿದ.