ಬುಡದಿಂದ ಎರಡು ಬೆರಳು

ಬೆಂಕಿಯ ಬೇಸಿಗೆ ಕಳೆದು ನಾಲ್ಕು ತಿಂಗಳಾಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಉದ್ದನೆಯ ತಗಡಿನ ಕೊಟ್ಟಿಗೆಯಲ್ಲಿ ಆಗಲೇ ಕತ್ತರಿಗಳು ಓಡುತ್ತಿದ್ದವು. ಬಾಗಿಲ ಬಳಿ, ಬೆಳಕು ನೇರವಾಗಿ ಬೀಳುವ ಕಡೆ, ಅಗಲವಾದ ಮೇಜಿನ ಮುಂದೆ ಕಿವಿಯಣ್ಣ ನಿಂತಿದ್ದ. ಉಣ್ಣೆಯ ದರ್ಜೆ ಹೇಳುವುದು ಅವನ ಕೆಲಸ. ಒಂದು ಕುರಿಯ ಮೈಯಿಂದ ಇಡಿಯಾಗಿ ಇಳಿದ ತುಪ್ಪಟದಿಂದ ಒಂದು ಕುಚ್ಚು ಕಿತ್ತು, ಎರಡೂ ತುದಿ ಬಿಗಿ ಹಿಡಿದು, ಕಿವಿಯ ಹತ್ತಿರ ತಂದು ಜಗ್ಗುವನು. ಗಟ್ಟಿ ಉಣ್ಣೆ ತಂತಿಯ ಹಾಗೆ ಮಿಡಿಯುತ್ತದೆ. ಸೋತ ಉಣ್ಣೆ ಚಟಚಟ ಎನ್ನುತ್ತದೆ. ಹೆಸರು ಅಂಟಿಕೊಂಡದ್ದು ಹಾಗೆ.

"ಏನಂತೆ ಕಿವಿಯಣ್ಣ, ಉಣ್ಣೆ ಏನು ಹೇಳ್ತು?" ಎಂದು ಕತ್ತರಿಯವನು ಕುರಿಯೊಂದನ್ನು ಮೊಣಕಾಲ ಸಂದಿಯಲ್ಲಿ ಅದುಮಿಕೊಂಡೇ ಕೇಳಿದ.

"ನಿನ್ನ ಕತ್ತರಿ ಮೊಂಡು ಅಂತು."

ನಗು ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ತುಪ್ಪಟಗಳು ಕಿವಿಯಣ್ಣನ ತಂಗಿಯ ಮಂದೆಯವು.

ಕಾಡಿನ ಬೆಂಕಿ ಗುಡ್ಡ ಇಳಿದ ಮಧ್ಯಾಹ್ನ ಅವನು ಊರಲ್ಲಿರಲಿಲ್ಲ. ಬೆಂಕಿ ಹತ್ತದ ಜಾಗ ಒಂದೇ, ತಂಗಿಯ ಉತ್ತ ಹೊಲ. ಗುಡ್ಡಕ್ಕೆ ಹತ್ತಿರವಿದ್ದ ಅಣ್ಣನ ರೊಪ್ಪಕ್ಕೆ ಮೊದಲು ಓಡಿ, ಅವನ ಅರವತ್ತು ಕುರಿಗಳನ್ನು ಅವಳು ಅಲ್ಲಿಗೆ ಅಟ್ಟಿದಳು. ಅಷ್ಟರಲ್ಲಿ ಗಾಳಿ ತಿರುಗಿತು. ತನ್ನವನ್ನು ಹೊರಡಿಸುವಾಗ ಒಂಬತ್ತು ಸತ್ತಿದ್ದವು. ಉಳಿದ ನಲವತ್ತರ ಬೆನ್ನಿಗೆ ಬೆಂಕಿ ತಾಗಿತ್ತು.

ಈಗ ಅವಳು ಮೇಜಿನ ಆಚೆ ನಿಂತಿದ್ದಳು. ಒಂದೊಂದೇ ಕುರಿಯನ್ನು ಕಟ್ಟಿ, ಮೂರು ದಿನ ಕೂತು, ಉಣ್ಣೆಯ ಕರಿ ತುದಿಗಳನ್ನೆಲ್ಲ ಮೊದಲೇ ಕತ್ತರಿಸಿ ತೆಗೆದಿದ್ದಳು. ಉಣ್ಣೆ ಬೆಳ್ಳಗೇ ಕಾಣುತ್ತಿತ್ತು. ಮೊದಲ ದರ್ಜೆ ಸಿಕ್ಕರೆ ಮೇವು ಕೊಂಡು ಮಂದೆ ಉಳಿಸಿಕೊಳ್ಳಬಹುದು, ಇಲ್ಲವಾದರೆ ಅರ್ಧ ಮಾರಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಅವನು ಕುಚ್ಚು ಜಗ್ಗಿದ. ಬುಡದಿಂದ ಎರಡು ಬೆರಳು ಮೇಲೆ ಕಡಿದು ಬಂತು. ಇನ್ನೊಂದು ಜಗ್ಗಿದ, ಅಲ್ಲೇ. ನಾಲ್ಕು ತಿಂಗಳಿಗೆ ಉಣ್ಣೆ ಬೆಳೆಯುವುದು ಅಷ್ಟೇ ಉದ್ದ. ಬೆಂಕಿಯ ದಿನ ಕುರಿಯ ಮೈ ಬೆದರಿ, ಆಗ ಬೆಳೆಯುತ್ತಿದ್ದ ಎಳೆ ಆ ಒಂದು ಕಡೆ ಸಣಕಲಾಗಿತ್ತು. ಇದನ್ನು ಮೊದಲ ದರ್ಜೆಯಲ್ಲಿ ಸೇರಿಸಿದರೆ ಗಿರಣಿಯ ಬಾಚಣಿಗೆಗೆ ಸಿಕ್ಕಿ ತುಂಡಾಗುತ್ತದೆ. ಊರವರೆಲ್ಲರ ಉಣ್ಣೆಯೂ ವಾಪಸು ಬರುತ್ತದೆ.

ಆದರೂ ಅವನ ಕೈ ಮೊದಲ ದರ್ಜೆಯ ರಾಶಿಯ ಕಡೆಗೇ ಹೊರಟಿತು.

"ಆ ಕಡೆ ಯಾಕೆ?" ಎಂದಳು ತಂಗಿ. "ಕಿವಿಗೆ ಕೇಳಿದ್ದನ್ನ ಹೇಳು."

"ಸೋತಿದೆ ಕಣೇ."

"ಎಲ್ಲಾನೂ?"

"ಎಲ್ಲಾನೂ ಹಾಗೇ ಇರುತ್ತೆ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನಿನ್ನವು?" ಎಂದಳು.

"ನನ್ನವಕ್ಕೆ ಒಂದು ಕೂದಲೂ ಸುಟ್ಟಿಲ್ಲವಲ್ಲ. ನಿನ್ನೆಯೇ ಮೊದಲ ರಾಶಿಗೆ ಹಾಕಿದೆ."

"ಕಿವಿಗೆ ಹಿಡಿದ್ಯಾ?"

ಹಿಡಿದಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಬರೀ ಕಣ್ಣಲ್ಲಿ ನೋಡಿ ದರ್ಜೆ ಹೇಳಿಬಿಟ್ಟಿದ್ದ. ರಾಶಿಯ ಹತ್ತಿರ ಹೋಗಿ ತನ್ನದೊಂದು ತುಪ್ಪಟ ಎಳೆದ. ಕುಚ್ಚು ಕಿತ್ತು ಜಗ್ಗಿದ. ಚಟಚಟ ಎಂದಿತು. ಬುಡದಿಂದ ಎರಡು ಬೆರಳು.

"ಅವೂ ಅಲ್ಲೇ ನಿಂತಿದ್ದವಲ್ಲ ಅಣ್ಣಾ," ಎಂದಳು ತಂಗಿ. "ನನ್ನವು ಅರಚೋದನ್ನ ಕೇಳ್ತಾ ಇದ್ದವು. ಆಮೇಲೆ ಎರಡು ದಿನ ಮೇವು ಮುಟ್ಟಲಿಲ್ಲ."

ಕತ್ತರಿಯವನು ಕೈ ನಿಲ್ಲಿಸಿ ನೋಡಿದ.

ಕಿವಿಯಣ್ಣ ತನ್ನ ಅರವತ್ತು ತುಪ್ಪಟಗಳನ್ನು ಒಂದೊಂದಾಗಿ ಕೆಳಗಿಳಿಸಿ ತಾಡಪಾಲಿನ ಮೇಲೆ ಒಟ್ಟತೊಡಗಿದ. ಸೋತ ಉಣ್ಣೆಯ ರಾಶಿ ಎದುರು ಗೋಡೆಯ ಕಡೆಗಿತ್ತು. ತಂಗಿ ಮೇಜು ಬಳಸಿ ಬಂದು ಅವನ ಜೊತೆ ಬಗ್ಗಿದಳು.

"ಇದರ ದುಡ್ಡಲ್ಲಿ ನಿನ್ನ ಕುರಿಗೆ ಮೇವು ತೆಗೆಸಿಕೊಡೋಣ ಅಂತಿದ್ದೆ," ಎಂದ, ಮುಖ ಎತ್ತದೆ. "ಆ ದಿನದ ಋಣ ನನ್ನ ಮೇಲೆ ಹಾಗೇ ಉಳೀತಲ್ಲೇ."

"ಉಳೀಲಿ ಬಿಡು. ಇಪ್ಪತ್ತು ಮಾರ್ತೀನಿ," ಎಂದಳು ಅವಳು. "ಆ ತುದಿ ಹಿಡಿ. ಒಬ್ಬಳ ಕೈಲಿ ಏಳಲ್ಲ ಇದು."