ದತ್ತಾನ ಕೈಯ ಸಾರು

ಸ್ಕ್ಯಾನಿಂಗ್ ಡಾಕ್ಟರು ಹೊಕ್ಕುಳ ಮೇಲಿನ ಅದೇ ಜಾಗವನ್ನು ಮೂರನೇ ಸಲ ಒತ್ತಿ ನೋಡಿದಾಗ ಬೊಮ್ಮಯ್ಯನಿಗೆ ಅನುಮಾನ ಬಂತು. ತಾನು ಬಂದದ್ದು ಕಿಡ್ನಿ ಕಲ್ಲಿಗೆ. ಈತ ಹೊಟ್ಟೆಯ ನಡುವೆ ಏನು ಹುಡುಕುತ್ತಿದ್ದಾನೆ?

"ಕಲ್ಲು ಸಣ್ಣದು. ಆದ್ರೆ ಹೃದಯದಿಂದ ಕೆಳಗೆ ಬರೋ ದೊಡ್ಡ ರಕ್ತನಾಳ ಇಲ್ಲಿ ಉಬ್ಬಿದೆ. ಐದೂವರೆ ಸೆಂಟಿಮೀಟರ್. ಮಣಿಪಾಲಕ್ಕೆ ಹೋಗಿ ಆಪರೇಷನ್ ಮಾಡಿಸ್ಬೇಕು."

"ನೋವೇ ಇಲ್ಲದ್ದಕ್ಕೆ ಎಂತಾ ಆಪರೇಷನ್?" ಎಂದಳು ಹೆಂಡತಿ ಗೋದಾವರಿ. ಕಿವಿರು ಎತ್ತಿ ನೋಡದೆ ಮೀನನ್ನೇ ನಂಬದವಳು. ಗಂಡನ ಕಿವಿಯಲ್ಲಿ, "ಕಮಿಷನ್ ಇರ್ತದೆ ಇವ್ರಿಗೆ" ಎಂದಳು.

ಡಾಕ್ಟರಿಗೆ ಕೇಳಿಸಿತೇನೋ, ನಕ್ಕರು. "ಬೀಡಿ ಎಷ್ಟು?"

"ದಿನಕ್ಕೆ ಎರಡು ಕಟ್ಟು."

"ಬಿಪಿ ಮಾತ್ರೆ?"

"ತಲೆ ತಿರುಗೂದು ನಿಂತ ಮೇಲೆ ಬಿಟ್ಟೆ."

"ಟ್ರಾಲರ್ ಡ್ರೈವರ್ ಅಂದ್ರಲ್ಲ. ಇಂಜಿನ್ನಿನ ರಬ್ಬರ್ ಪೈಪು ಹಳೇದಾದ್ರೆ ಏನಾಗ್ತದೆ?"

"ಸವೆದಲ್ಲಿ ಉಬ್ತದೆ."

"ಆಮೇಲೆ?"

"ಒಡೀತದೆ," ಎಂದ ಬೊಮ್ಮಯ್ಯ. ಅಂಥವನ್ನು ಎಷ್ಟೋ ಕತ್ತರಿಸಿ ಎಸೆದಿದ್ದ.

"ಇದೂ ಹಾಗೇ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೀತದೆ. ಕೆಲವರ ಮನೆತನದಲ್ಲೇ ಇರ್ತದೆ. ನಿಮ್ಮಲ್ಲಿ ಯಾರಾದ್ರೂ ಬೆನ್ನು, ಹೊಟ್ಟೆ ನೋವು ಅಂತ ಬಿದ್ದು ತಾಸಿನೊಳಗೆ ಹೋದವರಿದ್ದಾರಾ?"

ಗೋದಾವರಿ ಮೆಲ್ಲಗೆ, "ಕಾಶಿ ಭಾವ..." ಎಂದಳು.

"ಅದು ಬೇರೆ," ಎಂದ ಬೊಮ್ಮಯ್ಯ.

ಕಾಶಿ ಅವನ ಅಣ್ಣ. ಹದಿನಾರು ವರ್ಷದ ಹಿಂದೆ ದೋಣಿಯಲ್ಲಿ ಅಡುಗೆಯ ದತ್ತಾ ಮಾಡಿದ ಬಂಗಡೆ ಸಾರು ಉಂಡು, ಬೆನ್ನು ಹಿಡಿದುಕೊಂಡು ಬಿದ್ದವನು ಬೈತಖೋಲ ಬಂದರು ಮುಟ್ಟುವ ಮೊದಲೇ ಹೋಗಿದ್ದ. ಹಿಂದಿನ ದಿನವಷ್ಟೇ ಬಲೆಯ ವಿಷಯಕ್ಕೆ ಅವನಿಗೂ ದತ್ತಾನಿಗೂ ಜಗಳವಾಗಿತ್ತು. ದತ್ತಾ ವಿಷ ಹಾಕಿದನೆನ್ನಲು ಊರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಬೊಮ್ಮಯ್ಯನ ಮನೆಯವರು ದತ್ತಾನ ಮನೆಯ ನೀರು ಮುಟ್ಟಲಿಲ್ಲ. ದತ್ತಾ ಯಾವ ದೋಣಿಯಲ್ಲಿ ಅಡುಗೆ ಮಾಡಿದರೂ ಎಲ್ಲರೆದುರು ಮೊದಲ ತುತ್ತು ತಾನೇ ತಿಂದು ಆಮೇಲೆ ಬಡಿಸುತ್ತಾನಂತೆ. 'ಮಾಡಿದವನಿಗೇ ಹೆದರಿಕೆ' ಎಂದು ಬೊಮ್ಮಯ್ಯ ಹೇಳಿಕೊಂಡು ತಿರುಗಿದ್ದ.

ಅದೇ ಗಡಿಗೆಯ ಸಾರನ್ನು ತಾನೂ ಉಂಡಿದ್ದ. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬಾಗಿಲವರೆಗೆ ಹೋದವನು ತಿರುಗಿ ನಿಂತ. "ವಿಷ ಆಗಿದ್ರೆ ಹೇಗೆ ಇರ್ತದೆ ಡಾಕ್ಟ್ರೇ?"

"ನಾನು ನೋಡಿಲ್ಲ, ಹೇಗೆ ಹೇಳ್ಲಿ? ವಾಂತಿ ಮಾಡಿದ್ರಾ?"

"ಇಲ್ಲ." ಆ ದಿನ ಅಣ್ಣನ ತಲೆ ತನ್ನ ತೊಡೆಯ ಮೇಲಿತ್ತು. ಮುಖ ಸುಣ್ಣದಂತಾಗಿತ್ತು, ಹೊಟ್ಟೆ ಹಲಗೆಯಂತೆ.

ಮಣಿಪಾಲಕ್ಕೆ ಚೀಟಿ ಬರೆಸಿಕೊಂಡು, ಬೈತಖೋಲದಲ್ಲಿ ಬಸ್ಸಿಳಿದ ಮೇಲೆ ಗೋದಾವರಿ ಮನೆಯ ಹಾದಿ ಹಿಡಿದಳು. ಅವನು ಹಿಡಿಯಲಿಲ್ಲ. ದತ್ತಾನ ಓಣಿಗೆ ತಿರುಗಿದ.

ದತ್ತಾ ಒಬ್ಬನೇ ಜಗಲಿಯಲ್ಲಿ ಊಟಕ್ಕೆ ಕೂತಿದ್ದ. ತಲೆಯೆತ್ತಿ ನೋಡಿ, ಎದ್ದು ನಿಂತ.

"ಯಾರು ಸತ್ರು?"

"ಯಾರೂ ಇಲ್ಲ."

"ಹಾಗಾದ್ರೆ ಎಂತಕ್ಕೆ ಬಂದೆ?" ದತ್ತಾನ ಕಣ್ಣು ಅವನ ಹಿಂದಿನ ಓಣಿಯನ್ನೂ ಹುಡುಕಿತು, ಇನ್ನೂ ಯಾರಾದರೂ ಬಂದಿದ್ದಾರೋ ಎಂದು.

ಬೊಮ್ಮಯ್ಯ ಜಗಲಿಯ ಅಂಚಿಗೆ ಕೂತ. "ಹಸಿವಾಯ್ತು ಮಾರಾಯಾ. ಸಾರು ಎಂತದ್ದು?"

 ದತ್ತಾ ಒಳಗೆ ಹೋಗಿ ಅನ್ನದ ಬಟ್ಟಲು ತಂದಿಟ್ಟ, ಬಂಗಡೆ ಸಾರು ಬಡಿಸಿದ. ಬಡಿಸಿ, ರೂಢಿಯಂತೆ, ಮೊದಲ ತುತ್ತಿಗೆ ಅದೇ ಬಟ್ಟಲಿಗೆ ಕೈ ಚಾಚಿದ.

ಆ ಕೈ ಅನ್ನ ಮುಟ್ಟುವ ಮೊದಲೇ ಬೊಮ್ಮಯ್ಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡ.